ತಂಪು ಪಾನೀಯಗಳಲ್ಲಿ ಉಪ್ಪಿನಂಶ: ತಪ್ಪು ತಿಳಿವಳಿಕೆಗಳು ಮತ್ತು ವಾಸ್ತವ

ಬೇಸಿಗೆ ಬಂತೆಂದರೆ ನಮ್ಮ ಸೀಮೆಯಲ್ಲಿ ಜಾತ್ರೆ, ರಥೋತ್ಸವ, ಮದುವೆ, ಗೃಹಪ್ರವೇಶಗಳ ಕಾಲ. ಬಿಸಿಲಿನಲ್ಲಿ ನಡೆದು ಬಂದವರಿಗೆ ಬೆಲ್ಲ ನೀರು, ಪಾನಕ, ನೀರುಮಜ್ಜಿಗೆ ಕೊಟ್ಟು ಉಪಚರಿಸುವುದು ಹಿಂದಿನಿಂದ ಬಂದ ಪದ್ಧತಿ. ಇಂದು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಂತಹ ಊರುಗಳಲ್ಲಿಯೂ ಮನೆಗೆ ಬಂದ ನೆಂಟರಿಗೆ ಅಂಗಡಿಯಿಂದ ತಂಪು ಪಾನೀಯದ ಬಾಟಲಿ ತರಿಸುವುದು ಉಪಚಾರದ ಭಾಗವಾಗಿದೆ. ಬಾಟಲಿಯ ಜೊತೆಗೆ ಅದರ ಕುರಿತ ಮಾತುಗಳೂ ಮನೆಯಿಂದ ಮನೆಗೆ ಹರಡಿವೆ. ‘ಅದರಲ್ಲಿ ವಿಪರೀತ ಉಪ್ಪು ಇರುತ್ತದಂತೆ, ರಕ್ತದೊತ್ತಡ ಇರುವವರು ಮುಟ್ಟಬಾರದಂತೆ’ ಎನ್ನುವವರು ಕೆಲವರು. ‘ಭೇದಿಯಾದ ಮಗುವಿಗೆ ಅದನ್ನೇ ಕುಡಿಸಿ, ಉಪ್ಪು ಸಕ್ಕರೆ ಎರಡೂ ಸಿಗುತ್ತದೆ’ ಎನ್ನುವವರು ಇನ್ನು ಕೆಲವರು. ಮೇಲ್ನೋಟಕ್ಕೆ ಒಂದು ನಿಂದೆ, ಇನ್ನೊಂದು ಹೊಗಳಿಕೆ. ಆದರೆ ಎರಡರ ಬೇರೂ ಒಂದೇ: ತಂಪು ಪಾನೀಯದಲ್ಲಿ ಉಪ್ಪಿನಂಶ ಬಹಳವಾಗಿದೆ ಎಂಬ ನಂಬಿಕೆ. ಮೊದಲನೆಯ ಮಾತು ರೋಗಿಯನ್ನು ತಪ್ಪು ಬಾಗಿಲಿಗೆ ಕಾವಲು ನಿಲ್ಲಿಸುತ್ತದೆ. ಎರಡನೆಯದು ಮಗುವಿನ ಪ್ರಾಣಕ್ಕೇ ಅಪಾಯ ತರಬಲ್ಲದು. ಆದುದರಿಂದ ಈ ನಂಬಿಕೆಯನ್ನು ಲೆಕ್ಕಕ್ಕೆ ಹಚ್ಚಿ ನೋಡುವುದು ಅಗತ್ಯವಾಗಿದೆ.

ನಮ್ಮ ಜಿಲ್ಲೆಯವರಿಗೆ ಈ ಅಗತ್ಯ ಮತ್ತಷ್ಟು ಹೆಚ್ಚು. 2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹಾಸನದ ಹೆಸರು ಹೃದಯಾಘಾತದ ಸುದ್ದಿಯೊಡನೆ ದೇಶದಾದ್ಯಂತ ಕೇಳಿಬಂದಿತು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ, ಅವರಲ್ಲಿ ಕಿರಿಯ ವಯಸ್ಸಿನವರೂ, ತೀರಿಕೊಂಡರೆಂಬ ವರದಿಗಳಿಂದ ಜನ ಕಂಗೆಟ್ಟು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ಸರ್ಕಾರವು ಆಗ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಜಿಲ್ಲೆಯಲ್ಲಿ ಹೃದಯಾಘಾತಗಳ ಅಸಹಜ ಏರಿಕೆ ಕಂಡುಬಂದಿಲ್ಲವೆಂದು ಸಮಿತಿ ತಿಳಿಸಿತು. ಮೃತರಲ್ಲಿ ಅನೇಕರಿಗೆ ಅಧಿಕ ರಕ್ತದೊತ್ತಡ, ಮಧುಮೇಹ, ಬೊಜ್ಜು, ತಂಬಾಕಿನ ಚಟ ಮುಂತಾದ ಪರಿಚಿತ ಕಾರಣಗಳೇ ಇದ್ದವು. ಭಯದ ಕಾಲದಲ್ಲಿ ಮನುಷ್ಯ ಹೊಸ ಶತ್ರುವನ್ನು ಹುಡುಕುವುದು ಸಹಜ. ಆದರೆ ಹೃದಯಕ್ಕೆ ಕೇಡು ತರುವ ಹಳೆಯ ಶತ್ರುಗಳು ನಮ್ಮ ಅಡುಗೆಮನೆಯಲ್ಲಿ, ನಮ್ಮ ಕೈಯಳತೆಯಲ್ಲಿಯೇ ಇವೆ ಎಂಬುದನ್ನು ಆ ದಿನಗಳು ನೆನಪಿಸಿದವು.

ಮೊದಲು ಸೋಡಿಯಂ ಎಂದರೇನು?

ನಾವು ಬಳಸುವ ಅಡುಗೆ ಉಪ್ಪು ಸೋಡಿಯಂ ಮತ್ತು ಕ್ಲೋರಿನ್ ಎಂಬ ಎರಡು ಮೂಲವಸ್ತುಗಳ ಸಂಯುಕ್ತ. 1 ಗ್ರಾಂ ಉಪ್ಪಿನಲ್ಲಿ ಸುಮಾರು 400 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಆದುದರಿಂದ ಪೊಟ್ಟಣದ ಮೇಲೆ ಬರೆದ ಸೋಡಿಯಂ ಪ್ರಮಾಣವನ್ನು ಎರಡೂವರೆಯಿಂದ ಗುಣಿಸಿದರೆ ಅದು ಎಷ್ಟು ಉಪ್ಪಿಗೆ ಸಮ ಎಂಬುದು ತಿಳಿಯುತ್ತದೆ. ವಯಸ್ಕರು ದಿನಕ್ಕೆ 2000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ, ಅಂದರೆ 5 ಗ್ರಾಂಗಿಂತ ಕಡಿಮೆ ಉಪ್ಪು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದು ಒಂದು ಟೀ ಚಮಚಕ್ಕೂ ತುಸು ಕಡಿಮೆ.

ಸೋಡಿಯಂ ಸ್ವತಃ ವಿಷವಲ್ಲ. ನರಗಳ ಸಂದೇಶ, ಸ್ನಾಯುಗಳ ಚಲನೆ, ದೇಹದಲ್ಲಿ ನೀರಿನ ಸಮತೋಲ ಇವೆಲ್ಲ ಅದರಿಂದಲೇ ನಡೆಯುತ್ತವೆ. ಮಿತಿ ಮೀರಿದಾಗ ಮಾತ್ರ ಅದು ರಕ್ತದಲ್ಲಿ ನೀರನ್ನು ಹಿಡಿದಿಡುತ್ತದೆ, ರಕ್ತನಾಳಗಳ ಮೇಲಿನ ಒತ್ತಡ ಏರುತ್ತದೆ. ವರ್ಷಗಟ್ಟಲೆ ಹೀಗೆಯೇ ಮುಂದುವರಿದರೆ ಹೃದಯ, ಮೂತ್ರಪಿಂಡ ಮತ್ತು ಮಿದುಳಿಗೆ ಹಾನಿಯಾಗುತ್ತದೆ. ಈ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಚಲಿತ ನಂಬಿಕೆಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ತಪ್ಪು ತಿಳಿವಳಿಕೆ 1: ‘ತಂಪು ಪಾನೀಯ ಉಪ್ಪಿನ ಗಣಿ’

ಕೋಲಾ, ಕಿತ್ತಳೆ, ನಿಂಬೆ ರುಚಿಯ ಸಾಮಾನ್ಯ ತಂಪು ಪಾನೀಯಗಳಲ್ಲಿ 100 ಮಿಲಿಲೀಟರಿಗೆ ಸಾಮಾನ್ಯವಾಗಿ 5ರಿಂದ 20 ಮಿಲಿಗ್ರಾಂ ಸೋಡಿಯಂ ಇರುತ್ತದೆ. 300 ಮಿಲಿಲೀಟರಿನ ಬಾಟಲಿಯೊಂದನ್ನು ಪೂರ್ತಿ ಕುಡಿದರೆ ದೊರೆಯುವುದು 15ರಿಂದ 60 ಮಿಲಿಗ್ರಾಂ. ಉಪ್ಪಿನ ಲೆಕ್ಕದಲ್ಲಿ ಇದು ಒಂದು ಚಿಟಿಕೆಯೂ ಅಲ್ಲ. ಹೋಲಿಕೆಗೆ ಹಸುವಿನ ಹಾಲನ್ನೇ ನೋಡಿ: ಅದರಲ್ಲಿ 100 ಮಿಲಿಲೀಟರಿಗೆ 40 ಮಿಲಿಗ್ರಾಂಗೂ ಮೀರಿದ ಸೋಡಿಯಂ ಸಹಜವಾಗಿಯೇ ಇರುತ್ತದೆ. ಹಾಲನ್ನು ಯಾರೂ ಉಪ್ಪಿನ ಪದಾರ್ಥವೆಂದು ದೂರುವುದಿಲ್ಲ.

ಹಾಗಿದ್ದರೆ ಈ ಮಾತು ಇಷ್ಟು ಹರಡಲು ಕಾರಣವೇನು? ಒಂದು ಕಾರಣ ಪ್ರಸಿದ್ಧರ ಬಾಯಿಂದ ಬಂದ ಮಾತು. ಅಮೆರಿಕದ ಮಕ್ಕಳ ತಜ್ಞರಾದ ಡಾ. ರಾಬರ್ಟ್ ಲಸ್ಟಿಗ್ 2009ರಲ್ಲಿ ಸಕ್ಕರೆಯ ಕೇಡಿನ ಕುರಿತು ನೀಡಿದ ಉಪನ್ಯಾಸವೊಂದು ಜಗತ್ತಿನೆಲ್ಲೆಡೆ ಹರಡಿತು. ಕೋಲಾದ ಒಂದು ಡಬ್ಬಿಯಲ್ಲಿ 55 ಮಿಲಿಗ್ರಾಂ ಸೋಡಿಯಂ ಇದೆ, ಬಾಯಾರಿಕೆ ಹೆಚ್ಚಿಸುವ ಆ ಉಪ್ಪನ್ನು ಮರೆಮಾಚಲೆಂದೇ ಅಷ್ಟೊಂದು ಸಕ್ಕರೆ ಹಾಕುತ್ತಾರೆ ಎಂಬ ಅರ್ಥದ ಮಾತನ್ನು ಅವರು ಅಲ್ಲಿ ಹೇಳಿದರು. ಸಕ್ಕರೆಯ ಬಗ್ಗೆ ಅವರು ನೀಡಿದ ಎಚ್ಚರಿಕೆ ಯೋಗ್ಯವಾದುದೇ. ಆದರೆ ಉಪ್ಪಿನ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ಅವರು ಹೇಳಿದ 55 ಮಿಲಿಗ್ರಾಂ ಅನ್ನೇ ಒಪ್ಪಿಕೊಂಡರೂ ದಿನದ ಮಿತಿಯಾದ 2000 ಮಿಲಿಗ್ರಾಂ ತಲುಪಲು ಸುಮಾರು 36 ಡಬ್ಬಿ, ಅಂದರೆ 12 ಲೀಟರಿಗೂ ಹೆಚ್ಚು ಕುಡಿಯಬೇಕಾಗುತ್ತದೆ. ಅಷ್ಟರಲ್ಲಿ ಆ ಮನುಷ್ಯ 1400 ಗ್ರಾಂ ಸಕ್ಕರೆ ಸೇವಿಸಿರುತ್ತಾನೆ! ಬಾಟಲಿಯಲ್ಲಿ ಅಪಾಯ ಯಾವುದು, ಅಲ್ಪ ಯಾವುದು ಎಂಬುದಕ್ಕೆ ಈ ಲೆಕ್ಕವೇ ಸಾಕು.

ತಪ್ಪು ತಿಳಿವಳಿಕೆ 2: ‘ಕುಡಿದಷ್ಟೂ ಬಾಯಾರಲೆಂದೇ ಉಪ್ಪು ಬೆರೆಸುತ್ತಾರೆ’

ನಮ್ಮ ರಕ್ತದ ದ್ರವಭಾಗದಲ್ಲಿ ಲೀಟರಿಗೆ ಸುಮಾರು 3200 ಮಿಲಿಗ್ರಾಂ ಸೋಡಿಯಂ ಕರಗಿರುತ್ತದೆ. ಈ ಸಾಂದ್ರತೆ ಏರಿದಾಗ ಮಿದುಳು ಬಾಯಾರಿಕೆಯನ್ನು ಎಚ್ಚರಿಸುತ್ತದೆ. ಉಪ್ಪಿನಕಾಯಿ, ಹಪ್ಪಳ ಹೆಚ್ಚಾಗಿ ತಿಂದ ದಿನ ಪದೇ ಪದೇ ನೀರು ಕೇಳುವುದು ಇದರಿಂದಲೇ. ತಂಪು ಪಾನೀಯದಲ್ಲಿರುವುದು ಲೀಟರಿಗೆ 50ರಿಂದ 200 ಮಿಲಿಗ್ರಾಂ ಮಾತ್ರ. ರಕ್ತಕ್ಕಿಂತ ಇಷ್ಟು ಕಡಿಮೆ ಉಪ್ಪಿರುವ ದ್ರವವು ರಕ್ತವನ್ನು ಉಪ್ಪಾಗಿಸಲಾರದು. ಸಕ್ಕರೆಯು ಉಪ್ಪನ್ನು ಮರೆಮಾಚುತ್ತದೆ ಎಂಬುದೂ ಸರಿಯಲ್ಲ. ಅಷ್ಟೇ ಉಪ್ಪನ್ನು ಬರಿಯ ನೀರಿಗೆ ಬೆರೆಸಿದರೂ ನಾಲಗೆಗೆ ಅದು ಉಪ್ಪೆಂದು ತಿಳಿಯುವುದು ಕಷ್ಟ. ಸಕ್ಕರೆಯು ಸರಿದೂಗಿಸುವುದು ಪಾನೀಯದಲ್ಲಿರುವ ಆಮ್ಲದ ಹುಳಿಯನ್ನು.

ಆದರೂ ಬಾಟಲಿ ಮುಗಿಸಿದ ಸ್ವಲ್ಪ ಹೊತ್ತಿಗೆ ಮತ್ತೆ ನೀರು ಬೇಕೆನಿಸುವುದುಂಟು. ಬಾಯಲ್ಲಿ ಅಂಟಿದ ಸಿಹಿ ಅದಕ್ಕೊಂದು ಕಾರಣ. ಮಧುಮೇಹ ಇರುವವರಲ್ಲಿ ಇನ್ನೂ ಗಂಭೀರವಾದ ಕಾರಣವಿದೆ. ಅವರ ರಕ್ತದ ಸಕ್ಕರೆ ಬಹಳ ಏರಿದಾಗ ಅದು ಮೂತ್ರದಲ್ಲಿ ಹೊರಹೋಗುತ್ತದೆ, ಹೋಗುವಾಗ ನೀರನ್ನೂ ಸೆಳೆದೊಯ್ಯುತ್ತದೆ. ಹೀಗಾಗಿ ಪದೇ ಪದೇ ಮೂತ್ರ, ಪದೇ ಪದೇ ಬಾಯಾರಿಕೆ. ಅಂಥವರು ಬಾಯಾರಿಕೆ ತಣಿಸಲು ಮತ್ತೆ ಸಿಹಿ ಪಾನೀಯವನ್ನೇ ಕುಡಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಮನೆಯಲ್ಲಿ ಯಾರಿಗಾದರೂ ನೀಗದ ಬಾಯಾರಿಕೆ ಕಂಡುಬಂದರೆ ಬಾಟಲಿಯ ಉಪ್ಪನ್ನು ಶಂಕಿಸುವ ಬದಲು ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬೇಕು.

ತಪ್ಪು ತಿಳಿವಳಿಕೆ 3: ‘ಸೋಡಾ ಎಂದರೆ ಅಡುಗೆ ಸೋಡಾ ಕಲಸಿದ ನೀರು’

ಇದು ಹೆಸರಿನಿಂದ ಹುಟ್ಟಿದ ಗೊಂದಲ. ಗೋಲಿ ಸೋಡಾ ಆಗಲಿ, ಬಾಟಲಿ ಸೋಡಾ ಆಗಲಿ, ಅದರ ಗುಳ್ಳೆಗೆ ಕಾರಣ ಇಂಗಾಲದ ಡೈಆಕ್ಸೈಡ್ ಅನಿಲ. ಒತ್ತಡದಿಂದ ಅದನ್ನು ನೀರಿನಲ್ಲಿ ಕರಗಿಸಿರುತ್ತಾರೆ. ಮುಚ್ಚಳ ತೆಗೆದೊಡನೆ ಅನಿಲ ಹೊರನುಗ್ಗುತ್ತದೆ. ಆ ಅನಿಲದಲ್ಲಿ ಸೋಡಿಯಂ ಇಲ್ಲ. ಕೆಲವು ತಯಾರಕರು ರುಚಿಗಾಗಿ ಸೋಡಿಯಂ ಬೈಕಾರ್ಬನೇಟ್ ಅಲ್ಪ ಪ್ರಮಾಣದಲ್ಲಿ ಬೆರೆಸುವುದುಂಟು, ಅದನ್ನು ಚೀಟಿಯಲ್ಲಿ ನಮೂದಿಸಿರುತ್ತಾರೆ.

ಆದರೆ ಸೋಡಿಯಂ ನಿಜವಾಗಿಯೂ ತುಂಬಿರುವ ಗುಳ್ಳೆನೀರು ಬೇರೊಂದಿದೆ. ಹಬ್ಬದೂಟದ ನಂತರ ಹೊಟ್ಟೆಯುಬ್ಬರಕ್ಕೆಂದು ನೀರಿಗೆ ಹಾಕಿದೊಡನೆ ನೊರೆಯುಕ್ಕುವ ಪುಡಿಯನ್ನು ಅನೇಕರು ಸೇವಿಸುತ್ತಾರೆ. ಅದರ ಮುಖ್ಯ ವಸ್ತುವೇ ಅಡುಗೆ ಸೋಡಾ. ಅಡುಗೆ ಸೋಡಾದ ತೂಕದಲ್ಲಿ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚು ಸೋಡಿಯಂ. ಇಂಥ ಪುಡಿಯ 5 ಗ್ರಾಂ ಪೊಟ್ಟಣವೊಂದರಲ್ಲಿ ಸುಮಾರು 800 ಮಿಲಿಗ್ರಾಂ ಸೋಡಿಯಂ ಇರಬಹುದು. ದಿನದ ಮಿತಿಯ ಐದನೆಯ ಎರಡು ಭಾಗ ಒಂದೇ ಲೋಟದಲ್ಲಿ! ರಕ್ತದೊತ್ತಡಕ್ಕೆಂದು ಊಟದಲ್ಲಿ ಉಪ್ಪು ಬಿಟ್ಟ ಹಿರಿಯರು ರಾತ್ರಿ ಮಲಗುವ ಮುನ್ನ ಈ ಪುಡಿಯನ್ನು ನಿತ್ಯವೂ ಕುಡಿಯುತ್ತಿದ್ದರೆ ಹಗಲಿನ ಪಥ್ಯವೆಲ್ಲ ವ್ಯರ್ಥವಾಗುತ್ತದೆ. ನಿತ್ಯವೂ ಅದು ಬೇಕೆನಿಸಿದರೆ ಕಾರಣ ತಿಳಿಯಲು ವೈದ್ಯರ ಬಳಿ ಹೋಗಬೇಕು. ಎದೆಯುರಿಯೆಂದು ಭಾವಿಸಿದ್ದು ಹೃದಯದ ನೋವಾಗಿರುವ ಸಂಭವವೂ ಇದೆ ಎಂಬುದನ್ನು ಮರೆಯಬಾರದು.

ತಪ್ಪು ತಿಳಿವಳಿಕೆ 4: ‘ಚೀಟಿಯಲ್ಲಿ ಸೋಡಿಯಂ ಎಂಬ ಹೆಸರಿದ್ದರೆ ಅದು ಉಪ್ಪೇ, ಸಕ್ಕರೆರಹಿತ ಪಾನೀಯದಲ್ಲಿ ಅದೂ ಇರುವುದಿಲ್ಲ’

ಬಾಟಲಿಯ ಮೇಲೆ ‘ಐಎನ್‌ಎಸ್ 211’ ಅಥವಾ ‘ಸೋಡಿಯಂ ಬೆಂಜೊಯೇಟ್’ ಎಂದು ಓದಿ ಗಾಬರಿಯಾಗುವವರಿದ್ದಾರೆ. ಇದು ಪಾನೀಯ ಕೆಡದಂತೆ ಕಾಯುವ ಸಂರಕ್ಷಕ. ಇದರ ತೂಕದಲ್ಲಿ ಸೋಡಿಯಂ ಪಾಲು ಸುಮಾರು 16 ಪ್ರತಿಶತ. ಒಂದು ಲೀಟರಿನಲ್ಲಿ 150 ಮಿಲಿಗ್ರಾಂ ಸಂರಕ್ಷಕ ಇದೆಯೆಂದು ಇಟ್ಟುಕೊಂಡರೂ ಅದರಿಂದ ಬರುವ ಸೋಡಿಯಂ 24 ಮಿಲಿಗ್ರಾಂ ಮಾತ್ರ. ‘ಐಎನ್‌ಎಸ್ 331’ ಎಂದು ನಮೂದಿಸುವ ಸೋಡಿಯಂ ಸಿಟ್ರೇಟ್ ಹುಳಿಯನ್ನು ಹದಗೊಳಿಸುವ ವಸ್ತು. ಹೆಸರನ್ನು ಕಂಡು ಹೆದರುವುದಕ್ಕಿಂತ ಪೌಷ್ಟಿಕಾಂಶದ ಪಟ್ಟಿಯಲ್ಲಿ ಬರೆದ ಒಟ್ಟು ಸೋಡಿಯಂ ನೋಡುವುದು ಉಚಿತ. ಈ ಎಲ್ಲ ವಸ್ತುಗಳ ಪಾಲೂ ಆ ಒಟ್ಟಿನಲ್ಲಿ ಸೇರಿರುತ್ತದೆ.

ಹಾಗೆಯೇ ‘ಡಯಟ್’, ‘ಜೀರೋ’ ಎಂಬ ಹೆಸರಿನ ಪಾನೀಯಗಳಲ್ಲಿ ಇಲ್ಲವಾಗಿರುವುದು ಸಕ್ಕರೆ. ಸೋಡಿಯಂ ಅವುಗಳಲ್ಲಿಯೂ ಸಾಮಾನ್ಯ ಪಾನೀಯದಷ್ಟೇ ಇರುತ್ತದೆ. ಎರಡರಲ್ಲಿಯೂ ಅದು ಅಲ್ಪವೇ ಆದುದರಿಂದ ಇದರಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ.

ತಪ್ಪು ತಿಳಿವಳಿಕೆ 5: ‘ಬಾಟಲಿಯದು ಬೇಡ, ಉಪ್ಪಿನ ನಿಂಬೆ ಸೋಡಾ ಆರೋಗ್ಯಕ್ಕೆ ಒಳ್ಳೆಯದು’

ಸೋಡಾ ಅಂಗಡಿಯವರು ಮೊದಲು ಕೇಳುವ ಪ್ರಶ್ನೆಯೇ ‘ಉಪ್ಪೋ, ಸಿಹಿಯೋ?’ ಎಂಬುದು. ಮಧುಮೇಹದ ಭಯದಿಂದ ಅನೇಕರು ಉಪ್ಪನ್ನೇ ಆರಿಸಿಕೊಳ್ಳುತ್ತಾರೆ. ಒಂದು ಲೋಟಕ್ಕೆ ಕಾಲು ಟೀ ಚಮಚ ಉಪ್ಪು ಬಿದ್ದರೂ ಅದರಲ್ಲಿ 500ರಿಂದ 600 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಸುಮಾರು ಹತ್ತು ಬಾಟಲಿ ಕೋಲಾದಲ್ಲಿ ಇರುವಷ್ಟು, ಇಲ್ಲವೇ ಅದಕ್ಕೂ ಹೆಚ್ಚು! ಮಸಾಲೆ ಸೋಡಾ, ಜೀರಿಗೆ ಪಾನೀಯಗಳ ಖಾರ ರುಚಿಯ ಹಿಂದೆಯೂ ಉಪ್ಪಿನ ಪಾಲಿದೆ. ಬಾಟಲಿಯಲ್ಲಿ ಬರುವ ಜೀರಿಗೆ ಪಾನೀಯಗಳಲ್ಲಿ ಉಪ್ಪಿನ ಜೊತೆಗೆ ಸಕ್ಕರೆಯೂ ಇರುವುದುಂಟು. ಆದುದರಿಂದ ಅವುಗಳ ಚೀಟಿಯನ್ನು ವಿಶೇಷವಾಗಿ ಓದಬೇಕು.

ಇಲ್ಲಿ ಇನ್ನೊಂದು ಉಪನಂಬಿಕೆಯೂ ಸೇರಿಕೊಂಡಿದೆ: ಕಪ್ಪುಪ್ಪು, ಸೈಂಧವ ಲವಣಗಳು ರಕ್ತದೊತ್ತಡ ಏರಿಸುವುದಿಲ್ಲವೆಂಬುದು. ಬಣ್ಣ, ವಾಸನೆ, ರುಚಿ ಬೇರೆಯಾದರೂ ಇವುಗಳ ಬಹುಭಾಗ ಅದೇ ಸೋಡಿಯಂ ಕ್ಲೋರೈಡ್. ಸಾಮಾನ್ಯ ಉಪ್ಪಿಗೆ ಇರುವ ಮಿತಿಯೇ ಇವಕ್ಕೂ ಅನ್ವಯಿಸುತ್ತದೆ. ಜೊತೆಗೆ, ಅಯೋಡಿನ್ ಬೆರೆಸದ ಇಂಥ ಉಪ್ಪನ್ನೇ ಮನೆಮಂದಿಯೆಲ್ಲ ನಿತ್ಯ ಬಳಸಿದರೆ ಮಕ್ಕಳು ಮತ್ತು ಗರ್ಭಿಣಿಯರಿಗೆ ಅಯೋಡಿನ್ ಕೊರತೆ ಉಂಟಾಗಬಹುದು.

ತಪ್ಪು ತಿಳಿವಳಿಕೆ 6: ‘ಭೇದಿಗೆ, ಬೆವರಿಗೆ ತಂಪು ಪಾನೀಯವೇ ಮದ್ದು’

ಎಲ್ಲ ನಂಬಿಕೆಗಳಲ್ಲಿ ಅತ್ಯಂತ ಅಪಾಯಕಾರಿ ಇದೇ. ವಾಂತಿಭೇದಿಯಾದಾಗ ದೇಹವು ನೀರಿನೊಡನೆ ಸೋಡಿಯಂ, ಪೊಟ್ಯಾಸಿಯಂ ಕಳೆದುಕೊಳ್ಳುತ್ತದೆ. ಸೋಡಿಯಂ ಮತ್ತು ಗ್ಲೂಕೋಸ್ ನಿಯತ ಪ್ರಮಾಣದಲ್ಲಿ ಕೂಡಿದಾಗ ಕರುಳು ಅವೆರಡನ್ನೂ ಒಟ್ಟಿಗೆ ಹೀರಿಕೊಳ್ಳುತ್ತದೆ, ನೀರು ಅವುಗಳ ಹಿಂದೆಯೇ ಒಳಸೇರುತ್ತದೆ. ಓಆರ್‌ಎಸ್ ದ್ರಾವಣದ ತತ್ವ ಇಷ್ಟೇ. 1971ರ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನೋಬಿಸ್ ಅವರು ಇದೇ ಸರಳ ದ್ರಾವಣದಿಂದ ಅಸಂಖ್ಯ ಜೀವಗಳನ್ನು ಉಳಿಸಿದರು.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ಓಆರ್‌ಎಸ್‌ನಲ್ಲಿ 13.5 ಗ್ರಾಂ ಗ್ಲೂಕೋಸ್ ಮತ್ತು ಸುಮಾರು 1700 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಒಂದು ಲೀಟರ್ ಸಿಹಿ ತಂಪು ಪಾನೀಯದಲ್ಲಿ ಇರುವುದು 100 ಗ್ರಾಂ ಆಸುಪಾಸು ಸಕ್ಕರೆ, ಸೋಡಿಯಂ 200 ಮಿಲಿಗ್ರಾಂ ಒಳಗೆ. ಅಂದರೆ ಬೇಕಾದ ಉಪ್ಪು ಇಲ್ಲ, ಬೇಡದ ಸಕ್ಕರೆ ಏಳೆಂಟು ಪಟ್ಟು. ಇಷ್ಟು ಸಕ್ಕರೆ ಕರುಳನ್ನು ಸೇರಿದರೆ ಅದು ದೇಹದಿಂದಲೇ ನೀರನ್ನು ಕರುಳಿಗೆ ಸೆಳೆಯುತ್ತದೆ, ಭೇದಿ ಹೆಚ್ಚುತ್ತದೆ. ಮಗು ಕುಡಿಯುತ್ತಿದೆಯಲ್ಲ ಎಂದು ತಾಯಿ ನೆಮ್ಮದಿಯಿಂದಿರುವಾಗಲೇ ಮಗುವಿನ ಮೈ ಬತ್ತುತ್ತಿರುತ್ತದೆ.

ಕೆಲವು ಸಿಹಿ ಪಾನೀಯಗಳು ತಮ್ಮ ಹೆಸರಿನಲ್ಲಿಯೇ ‘ಓಆರ್‌ಎಸ್’ ಎಂಬ ಅಕ್ಷರಗಳನ್ನು ಸೇರಿಸಿಕೊಂಡು ಔಷಧಿ ಅಂಗಡಿಗಳಲ್ಲಿಯೂ ಮಾರಾಟವಾಗುತ್ತಿದ್ದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಳ ಕಾಲ ದನಿಯೆತ್ತಿದರು. ಕೊನೆಗೆ 2025ರ ಅಕ್ಟೋಬರಿನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಪಾನೀಯಗಳ ಹೆಸರಿನಲ್ಲಿ ಆ ಪದವನ್ನು ಬಳಸಬಾರದೆಂದು ಆದೇಶಿಸಿತು. ಕೊಳ್ಳುವವರು ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಿಸಿದ್ದು ಎಂಬ ಒಕ್ಕಣೆ ಇದೆಯೇ ಎಂದು ನೋಡಿಕೊಳ್ಳಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಓಆರ್‌ಎಸ್ ಪೊಟ್ಟಣ ಉಚಿತವಾಗಿ ದೊರೆಯುತ್ತದೆ. ಅದು ಕೈಗೆ ಬರುವವರೆಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಮಟ್ಟಸವಾದ ಅರ್ಧ ಟೀ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸಬಹುದು. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾದರೂ ಮಗುವಿಗೆ ಅಪಾಯವೇ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಹೊಲದಲ್ಲಿ ದುಡಿಯುವವರಿಗೂ ಇದೇ ಲೆಕ್ಕ. ಒಂದು ಲೀಟರ್ ಬೆವರಿನೊಡನೆ ಸುಮಾರು 1 ಗ್ರಾಂನಷ್ಟು ಸೋಡಿಯಂ ಹೋಗಬಹುದು; ವ್ಯಕ್ತಿಯಿಂದ ವ್ಯಕ್ತಿಗೆ ಇದು ಹೆಚ್ಚು ಕಡಿಮೆಯಾಗುತ್ತದೆ. ಒಂದು ಬಾಟಲಿ ತಂಪು ಪಾನೀಯ ಅದನ್ನು ತುಂಬಿಕೊಡಲಾರದು. ಆರೋಗ್ಯವಂತರಿಗೆ ಸಾಕಷ್ಟು ನೀರು ಮತ್ತು ಹೊತ್ತಿಗೆ ಸರಿಯಾದ ಊಟ ಅದನ್ನು ತುಂಬಿಕೊಡುತ್ತವೆ. ಕಡುಬಿಸಿಲಿನಲ್ಲಿ ಹಲವು ಗಂಟೆ ದುಡಿದು ತೀರ ಬಳಲಿದಾಗ ಓಆರ್‌ಎಸ್ ಅಥವಾ ತಿಳಿಯಾದ ಮಜ್ಜಿಗೆ ಉಪಯುಕ್ತ.

ತಪ್ಪು ತಿಳಿವಳಿಕೆ 7: ‘ತಂಪು ಪಾನೀಯ ಬಿಟ್ಟಿದ್ದೇನೆ, ಇನ್ನು ರಕ್ತದೊತ್ತಡದ ಚಿಂತೆಯಿಲ್ಲ’

ಬಿಟ್ಟದ್ದು ಒಳ್ಳೆಯದೇ. ಆದರೆ ಅದರ ಕಾರಣ ಬೇರೆ. ಸಿಹಿ ತಂಪು ಪಾನೀಯದಲ್ಲಿ 100 ಮಿಲಿಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆ. 300 ಮಿಲಿಲೀಟರಿನ ಬಾಟಲಿಯೊಂದರಲ್ಲಿ 30 ಗ್ರಾಂ, ಅಂದರೆ ಆರೇಳು ಟೀ ಚಮಚ. ದಿನವಿಡೀ ಸೇರಿದ ಸಕ್ಕರೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಸಾರ. ಪದೇ ಪದೇ ಕುಡಿಯುವ ಸಿಹಿ ಪಾನೀಯದಿಂದ ಬೊಜ್ಜು ಬರುತ್ತದೆ. ಬೊಜ್ಜಿನಿಂದ ಮಧುಮೇಹ ಮತ್ತು ರಕ್ತದೊತ್ತಡ. ಹೀಗೆ ತಂಪು ಪಾನೀಯ ರಕ್ತದೊತ್ತಡಕ್ಕೆ ಕೇಡು ಮಾಡುವುದು ನಿಜ, ಆದರೆ ಉಪ್ಪಿನ ದಾರಿಯಿಂದಲ್ಲ, ಸಕ್ಕರೆಯ ದಾರಿಯಿಂದ.

ಉಪ್ಪಿನ ದಾರಿ ನಮ್ಮ ತಟ್ಟೆಯಿಂದಲೇ ಹೊರಡುತ್ತದೆ. 2017-18ರ ರಾಷ್ಟ್ರೀಯ ಸಮೀಕ್ಷೆಯನ್ನು ಆಧರಿಸಿದ ಅಧ್ಯಯನದಲ್ಲಿ ಭಾರತದ ವಯಸ್ಕರು ದಿನಕ್ಕೆ ಸರಾಸರಿ 8 ಗ್ರಾಂ ಉಪ್ಪು ಸೇವಿಸುತ್ತಾರೆಂದು ಕಂಡುಬಂದಿತು. ಮಿತಿಗಿಂತ 3 ಗ್ರಾಂ ಹೆಚ್ಚು! ಇದು ಎಲ್ಲಿಂದ ಬರುತ್ತದೆ ಎಂದು ನಮ್ಮ ಊಟವನ್ನೇ ನೋಡಿಕೊಳ್ಳೋಣ. ರಾಗಿಮುದ್ದೆಗೆ ಉಪ್ಪುಸಾರು, ಅದರ ಜೊತೆಗೆ ಉಪ್ಪು ಹಾಕಿ ಅರೆದ ಖಾರ, ಬದಿಯಲ್ಲಿ ಉಪ್ಪಿನಕಾಯಿ, ಕರಿದ ಹಪ್ಪಳ ಸಂಡಿಗೆ, ಕೊನೆಗೆ ಉಪ್ಪು ಬೆರೆಸಿದ ಮಜ್ಜಿಗೆ. ಮುದ್ದೆಯಲ್ಲಿ ದೋಷವಿಲ್ಲ, ಸೊಪ್ಪು ಕಾಳಿನ ಸಾರು ಉತ್ತಮ ಆಹಾರವೇ. ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಬೀಳುವ ಉಪ್ಪು ಒಟ್ಟುಗೂಡಿದಾಗ ಲೆಕ್ಕ ತಪ್ಪುತ್ತದೆ. ಸಂಜೆ ಕೋಲಾದೊಡನೆ ತಿನ್ನುವ ಆಲೂಗಡ್ಡೆ ಚಿಪ್ಸನ್ನೇ ತೆಗೆದುಕೊಳ್ಳಿ. ಆಲೂಗಡ್ಡೆ ನಮ್ಮ ಹಾಸನದ ನೆಲದ ಬೆಳೆ. ಸಹಜವಾಗಿ ಅದರಲ್ಲಿ ಸೋಡಿಯಂ ಅತ್ಯಲ್ಪ. ಅದೇ ಗಡ್ಡೆ ಕರಿದು ಉಪ್ಪು ಬೆರೆತು ಪೊಟ್ಟಣದಲ್ಲಿ ಮರಳಿ ಬಂದಾಗ ಪಕ್ಕದ ಬಾಟಲಿಗಿಂತ ಎಷ್ಟೋ ಪಟ್ಟು ಸೋಡಿಯಂ ಹೊತ್ತಿರುತ್ತದೆ. ನಾವು ದೂರುವುದು ಬಾಟಲಿಯನ್ನು, ಉಪ್ಪು ಇರುವುದು ಪೊಟ್ಟಣದಲ್ಲಿ.

ಯಾರು ವಿಶೇಷ ಎಚ್ಚರ ವಹಿಸಬೇಕು?

ಅಧಿಕ ರಕ್ತದೊತ್ತಡ, ಹೃದಯದ ದೌರ್ಬಲ್ಯ ಅಥವಾ ಮೂತ್ರಪಿಂಡದ ರೋಗ ಇರುವವರು ಉಪ್ಪಿನ ಸೋಡಾ, ಮಸಾಲೆ ಸೋಡಾ, ನೊರೆಯುಕ್ಕುವ ಪುಡಿಗಳಿಂದ ದೂರವಿರಬೇಕು. ಮೂತ್ರಪಿಂಡದ ರೋಗಿಗಳಿಗೆ ಇನ್ನೊಂದು ಮಾತು. ತೆಂಗು ನಮ್ಮ ಚನ್ನರಾಯಪಟ್ಟಣ, ಅರಸೀಕೆರೆ ಭಾಗದ ಸಂಪತ್ತು, ಎಳನೀರು ಆರೋಗ್ಯವಂತರಿಗೆ ಶ್ರೇಷ್ಠ ಪಾನೀಯ. ಆದರೆ ಅದರಲ್ಲಿ ಪೊಟ್ಯಾಸಿಯಂ ಅಧಿಕವಾಗಿದೆ. ಮೂತ್ರಪಿಂಡ ಸೊರಗಿದವರ ದೇಹ ಅದನ್ನು ಹೊರಹಾಕಲಾರದೆ ಹೃದಯದ ಬಡಿತವೇ ಏರುಪೇರಾಗಬಹುದು. ‘ಕಡಿಮೆ ಸೋಡಿಯಂ ಉಪ್ಪು’ ಎಂದು ಮಾರುವ ಪುಡಿಯಲ್ಲಿಯೂ ಪೊಟ್ಯಾಸಿಯಂ ಬೆರೆತಿರುತ್ತದೆ. ಅಂಥವರು ಇವೆರಡನ್ನೂ ವೈದ್ಯರನ್ನು ಕೇಳದೆ ಬಳಸಬಾರದು.

ಮನೆಯಲ್ಲಿ, ಅರವಟ್ಟಿಗೆಯಲ್ಲಿ ಪಾಲಿಸಬಹುದಾದ ಕ್ರಮಗಳು

ಪ್ಯಾಕ್ ಮಾಡಿದ ಆಹಾರದ ಮೇಲೆ 100 ಗ್ರಾಂ ಅಥವಾ 100 ಮಿಲಿಲೀಟರಿಗೆ ಇರುವ ಸಕ್ಕರೆ ಮತ್ತು ಸೋಡಿಯಂ ಪ್ರಮಾಣವನ್ನು ನಮೂದಿಸುವುದು ಕಾನೂನಿನ ನಿಯಮ. ಓದುವಾಗ ಎರಡನ್ನೂ ನೋಡಬೇಕು, ಬಾಟಲಿಯ ಪೂರ್ತಿ ಗಾತ್ರಕ್ಕೆ ಲೆಕ್ಕ ಹಾಕಬೇಕು. ಕಣ್ಣು ಮಂಜಾದ ಹಿರಿಯರಿಗೆ ಮನೆಯ ಮಕ್ಕಳು ಅದನ್ನು ಓದಿ ಹೇಳಲಿ. ಮಕ್ಕಳಿಗೂ ಅದು ಒಂದು ಪಾಠವಾಗುತ್ತದೆ.

ಮನೆಯ ಉಪ್ಪಿಗೆ ಚೀಟಿ ಇರುವುದಿಲ್ಲ. ಅದಕ್ಕೆ ಸುಲಭ ಉಪಾಯವೊಂದಿದೆ. ಒಂದು ಕಿಲೋ ಉಪ್ಪಿನ ಪೊಟ್ಟಣ ಒಡೆದ ದಿನಾಂಕವನ್ನು ಬರೆದಿಡಿ. ನಾಲ್ವರು ವಯಸ್ಕರ ಮನೆಯಲ್ಲಿ ತಲಾ 5 ಗ್ರಾಂನಂತೆ ದಿನಕ್ಕೆ 20 ಗ್ರಾಂ. ಒಂದು ಕಿಲೋ ಉಪ್ಪು 50 ದಿನ ಬರಬೇಕು. ತಿಂಗಳೊಳಗೇ ಮುಗಿದರೆ ಕೈ ಜೋರಾಗಿದೆ ಎಂದರ್ಥ. ಒಮ್ಮೆಲೇ ಕಡಿಮೆ ಮಾಡಿದರೆ ಊಟ ರುಚಿಸದು. ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸುತ್ತ ಬಂದರೆ ಕೆಲವು ವಾರಗಳಲ್ಲಿ ನಾಲಗೆಯೇ ಹೊಂದಿಕೊಳ್ಳುತ್ತದೆ. ನಿಂಬೆರಸ, ಕೊತ್ತಂಬರಿ, ಶುಂಠಿ, ಜೀರಿಗೆ, ಕರಿಬೇವುಗಳು ಉಪ್ಪಿನ ಕೊರತೆಯನ್ನು ತುಂಬುತ್ತವೆ.

ಜಾತ್ರೆಯ ಅರವಟ್ಟಿಗೆಯಲ್ಲಿ, ದಾಸೋಹದಲ್ಲಿ ಸೇವೆ ಸಲ್ಲಿಸುವ ಭಕ್ತರು ಒಂದು ಸಣ್ಣ ಮಾರ್ಪಾಡು ಮಾಡಬಹುದು. ಮಜ್ಜಿಗೆಯ ಹಂಡೆಗೆ ಉಪ್ಪನ್ನು ಮೊದಲೇ ಸುರಿಯದೆ, ಕೊತ್ತಂಬರಿ, ಶುಂಠಿ, ಕರಿಬೇವು ಮಾತ್ರ ಹಾಕಿ, ಉಪ್ಪನ್ನು ಪಕ್ಕದ ಬಟ್ಟಲಿನಲ್ಲಿ ಇಡುವುದು. ಬೇಕಾದವರು ಚಿಟಿಕೆಯಷ್ಟು ಬೆರೆಸಿಕೊಳ್ಳುತ್ತಾರೆ, ಬೇಡದವರು ಹಾಗೆಯೇ ಕುಡಿಯುತ್ತಾರೆ. ಪಾನಕದ ಪಕ್ಕದಲ್ಲಿ ಬರಿಯ ನೀರಿನ ಕೊಡವೂ ಇರಲಿ. ಬೆಲ್ಲವೂ ಸಕ್ಕರೆಯ ಜಾತಿಯೇ ಆದುದರಿಂದ ಮಧುಮೇಹಿಗಳಿಗೆ ಪಾನಕ ತಕ್ಕುದಲ್ಲ. ಹಂಡೆಯ ಮುಂದೆ ಕೈಚಾಚಿ ನಿಂತ ಸಾವಿರಾರು ಜನರಲ್ಲಿ ಯಾರಿಗೆ ರಕ್ತದೊತ್ತಡ, ಯಾರಿಗೆ ಮಧುಮೇಹ ಎಂಬುದು ಬಡಿಸುವವರಿಗೆ ತಿಳಿಯುವುದಿಲ್ಲ. ಎಷ್ಟೋ ವೇಳೆ ಕುಡಿಯುವವರಿಗೇ ತಿಳಿದಿರುವುದಿಲ್ಲ. ಎಲ್ಲರಿಗೂ ಹಿತವಾಗುವಂತೆ ಬಡಿಸುವುದೂ ಸೇವೆಯ ಒಂದು ಭಾಗ.

ಮೂವತ್ತು ವರ್ಷ ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಸಮೀಪದ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಮತ್ತು ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳುವುದು ಶ್ರೇಯಸ್ಕರ. ಈಗಾಗಲೇ ಮಾತ್ರೆ ಸೇವಿಸುತ್ತಿರುವವರು ಉಪ್ಪು ಕಡಿಮೆ ಮಾಡಿದೆನೆಂದು ಅದನ್ನು ತಾವಾಗಿಯೇ ನಿಲ್ಲಿಸಬಾರದು. ತಂಪು ಪಾನೀಯವನ್ನು ಅದರ ಸಕ್ಕರೆಗಾಗಿ ದೂರವಿಡೋಣ, ಉಪ್ಪನ್ನು ನಮ್ಮ ತಟ್ಟೆಯಲ್ಲಿ ಅಳೆಯೋಣ, ಭೇದಿಯಾದ ಮಗುವಿಗೆ ಓಆರ್‌ಎಸ್ ಅನ್ನೇ ಕುಡಿಸೋಣ.